ಕಂಬದ ಗೆರೆಯಲ್ಲಿ ಕಾಯಕದ ಕುರುಹು

ಯಂತ್ರವೆಂದೊಡನೆ ನಮ್ಮ ಮನಸ್ಸು ಪಶ್ಚಿಮದ ದೇಶಗಳತ್ತ ಓಡುವುದು ರೂಢಿಯಾಗಿಬಿಟ್ಟಿದೆ. ಗಣಕಯಂತ್ರವಾಗಲಿ, ಅಂಗೈಯೊಳಗಿನ ಮೊಬೈಲ್ ದೂರವಾಣಿಯಾಗಲಿ ಹೊರಗಿನಿಂದ ಬಂದದ್ದು. ನಮ್ಮದೇನಿದ್ದರೂ ಪೂಜೆ, ಪುರಾಣ, ಪರಂಪರೆಗಳು ಮಾತ್ರ ಎಂಬ ಭಾವನೆ ವಿದ್ಯಾವಂತರಲ್ಲಿಯೂ ಬೇರೂರಿದೆ. ಆದರೆ ಹಾವೇರಿಯ ಪುರಸಿದ್ಧೇಶ್ವರ ದೇವಾಲಯದ ಮಂಟಪದಲ್ಲಿ ಒಂದು ಗಳಿಗೆ ನಿಂತು, ಅಲ್ಲಿಯ ಕಂಬಗಳನ್ನು ಕಣ್ಣಿಟ್ಟು ನೋಡಿದವರಲ್ಲಿ ಈ ಭಾವನೆ ಸಡಿಲವಾಗದೆ ಇರದು. ಬಳೆಗಳನ್ನು ಒಂದರ ಮೇಲೊಂದು ಜೋಡಿಸಿದಂತಹ ಉರುಟು ಪಟ್ಟಿಗಳು, ಅವುಗಳ ಮೈಮೇಲೆ ಎಳೆಎಳೆಯಾಗಿ ಸುತ್ತಿಬಂದ ಗೆರೆಗಳು. ಬರಿಗೈಯ ಉಳಿಯಿಂದ ಇಂತಹ ದುಂಡುತನ ಬರುವುದು ಕಷ್ಟ. ಕಲ್ಲನ್ನೇ ತಿರುಗಿಸಿ ಕಡೆದ ಕಂಬಗಳಿವು. ನಮ್ಮ ಹಿರಿಯರು ಇವುಗಳನ್ನು ‘ತಿರುಗಣಿ ಕಂಬ’ಗಳೆಂದು ಕರೆದರು. ಆ ಹೆಸರಿನಲ್ಲಿಯೇ ಒಂದು ಯಂತ್ರದ ನೆನಪು ಅಡಗಿದೆ.

ಈಚೆಗೆ ನಾವು ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ಕಡೆಗೆ ಎರಡು ದಿನಗಳ ಸಂಚಾರ ಕೈಕೊಂಡಿದ್ದೆವು. ಬಂಧುಗಳ ಮನೆಯ, ಇಂಜಿನಿಯರಿಂಗ್ ಓದುತ್ತಿರುವ ಹುಡುಗನೊಬ್ಬ ಜೊತೆಗಿದ್ದನು. ದೇವಾಲಯಕ್ಕೆ ಬಂದವನು ಕೈಮುಗಿದು, ಒಂದು ಕಂಬದ ಸುತ್ತ ಮೆಲ್ಲಮೆಲ್ಲನೆ ಪ್ರದಕ್ಷಿಣೆ ಹಾಕುತ್ತ, ಹೆಜ್ಜೆಗೊಂದು ಛಾಯಾಚಿತ್ರ ತೆಗೆಯತೊಡಗಿದನು. ಮೂಲೆಯಲ್ಲಿ ಕುಳಿತಿದ್ದ ವೃದ್ಧರೊಬ್ಬರು ನಕ್ಕು, “ದೇವರನ್ನು ಬಿಟ್ಟು ಕಂಬ ಸುತ್ತುವನಲ್ಲ!” ಎಂದರು. ಹುಡುಗನೂ ನಕ್ಕನು. ಆದರೆ ಆ ಸಂಜೆ ಅವನು ತೋರಿಸಿದ್ದನ್ನು ನೋಡಿದ ಮೇಲೆ, ಇದನ್ನು ನಮ್ಮ ವಾಚಕ ಕುಟುಂಬಗಳ ಮುಂದಿಡಲೇಬೇಕೆಂದು ನಮಗೆ ಅನ್ನಿಸಿತು.

ಮೆತ್ತನೆಯ ಕಲ್ಲು, ಗಟ್ಟಿಯಾದ ವಿದ್ಯೆ

ಬಾದಾಮಿಯ ಚಾಲುಕ್ಯರು ಕಟ್ಟಿದ್ದು ಮರಳುಗಲ್ಲಿನಲ್ಲಿ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ, ಅಂದರೆ 11ನೆಯ ಶತಮಾನದಿಂದೀಚೆಗೆ, ಶಿಲ್ಪಿಗಳು ಬಳಪದ ಕಲ್ಲಿನತ್ತ ತಿರುಗಿದರು. 1050ರ ಸುಮಾರಿನ ಅಣ್ಣಿಗೇರಿಯ ಅಮೃತೇಶ್ವರ ದೇವಾಲಯವು ಈ ಬದಲಾವಣೆಯ ಮೊದಲ ಸಾಕ್ಷಿಗಳಲ್ಲೊಂದು. ಹಾವೇರಿಯ ದೇವಾಲಯವೂ, ತುಂಗಭದ್ರೆಯ ದಂಡೆಯ ಚೌಡದಾನಪುರದ ಮುಕ್ತೇಶ್ವರ ದೇವಾಲಯವೂ ಇದೇ ಕಲ್ಲಿನವು. ನಾವು ಚಿಕ್ಕಂದಿನಲ್ಲಿ ಪಾಟಿಯ ಮೇಲೆ ಅಕ್ಷರ ತೀಡಿದ ಬಳಪವೂ ಇದೇ ಜಾತಿಯದು. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ವಜ್ರಕ್ಕೆ 10 ಅಂಕವಾದರೆ, ಬಳಪದ ಕಲ್ಲಿನಲ್ಲಿರುವ ಟಾಲ್ಕ್ ಖನಿಜಕ್ಕೆ ಕೇವಲ 1. ಉಗುರಿನಿಂದಲೇ ಗೀರಬಹುದಾದಷ್ಟು ಮೃದು.

ಕಲ್ಲು ಮೆತ್ತಗಿದ್ದ ಮಾತ್ರಕ್ಕೆ ಕೆಲಸ ಸುಲಭವೆಂದು ತಿಳಿಯಬಾರದು. ಆಳೆತ್ತರದ ಕಲ್ಲಿಗೆ ಮೊದಲು ನಡುವಿನ ಅಕ್ಷವನ್ನು ಗುರುತಿಸಬೇಕು. ಆ ಅಕ್ಷ ಎಳ್ಳಷ್ಟು ತಪ್ಪಿದರೂ ತಿರುಗುವಾಗ ಕಲ್ಲು ಓಲಾಡುತ್ತದೆ. ಓಲಾಡಿದರೆ ಉಳಿ ಒಂದು ಕಡೆ ಹೆಚ್ಚು ಕೊರೆದು, ಇನ್ನೊಂದು ಕಡೆ ಬರಿದೆ ಸವರಿ ಹೋಗುತ್ತದೆ. ಅಷ್ಟು ಭಾರವನ್ನು ಹೊತ್ತು ತಿರುಗುವ ಆಧಾರ ಬೇಕು. ತಿರುಗಿಸುವವರ ಲಯ ಒಂದೇ ಸಮನಾಗಿರಬೇಕು. ಉಳಿ ಹಿಡಿದವನ ಕೈ ಅಲುಗಬಾರದು. ಕಲ್ಲನ್ನು ಆರಿಸಿದವನು, ಹಗ್ಗ ಎಳೆದವನು, ಉಳಿ ಹಿಡಿದವನು, ಉಳಿಯನ್ನು ಸಾಣೆ ಹಿಡಿದುಕೊಟ್ಟವನು ಇವರೆಲ್ಲರ ಕೈಗಳು ಕೂಡಿದಾಗಲೇ ಒಂದು ಕಂಬ.

ಆ ಉಳಿಯ ಕಬ್ಬಿಣಕ್ಕೂ ಈ ನೆಲದಲ್ಲಿಯೇ ದೀರ್ಘವಾದ ಇತಿಹಾಸವಿದೆ. ಹಾವೇರಿ ಜಿಲ್ಲೆಯ, ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು 1960ರ ದಶಕದಲ್ಲಿ ನಡೆಸಿದ ಉತ್ಖನನದಲ್ಲಿ ಕಬ್ಬಿಣದ ಉಪಕರಣಗಳು ದೊರೆತವು. ರೇಡಿಯೋ ಇಂಗಾಲದ ಪರೀಕ್ಷೆಯು ಅವುಗಳ ಕಾಲವನ್ನು ಕ್ರಿ. ಪೂ. 1000ದ ಆಸುಪಾಸಿಗೆ ಒಯ್ದಾಗ, ದಕ್ಷಿಣ ಭಾರತದ ಕಬ್ಬಿಣದ ಚರಿತ್ರೆಯನ್ನೇ ವಿದ್ವಾಂಸರು ಹೊಸದಾಗಿ ನೋಡಬೇಕಾಯಿತು. ತಿರುಗಣಿಯ ಕಂಬ ಆಕಾಶದಿಂದ ಇಳಿದುದಲ್ಲ. ತಲೆತಲಾಂತರದ ಕಮ್ಮಾರಿಕೆಯೂ ಕಲ್ಲುಕೆಲಸವೂ ಅದರ ಬೆನ್ನಿಗಿವೆ.

ಅಳತೆಯ ಪಟ್ಟಿಯಿಂದ ಗಣಕಯಂತ್ರದವರೆಗೆ

ಈ ದೇವಾಲಯಗಳನ್ನು ಹೊಸ ಉಪಕರಣದಿಂದ ನೋಡುವ ಪ್ರಯತ್ನ ಇಂದಿನದಲ್ಲ. 1857ರ ಸುಮಾರಿಗೆ ವಿಲಿಯಂ ಹೆನ್ರಿ ಪಿಗೌ ಎಂಬ ವೈದ್ಯರು ಆ ಕಾಲಕ್ಕೆ ಹೊಚ್ಚ ಹೊಸದಾಗಿದ್ದ ಛಾಯಾಚಿತ್ರದ ಪೆಟ್ಟಿಗೆಯನ್ನು ಹೊತ್ತು ಧಾರವಾಡ ಸೀಮೆಯ ದೇವಾಲಯಗಳ ಚಿತ್ರ ತೆಗೆದರು. ಹೆನ್ರಿ ಕಸಿನ್ಸ್ ಅವರು ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪವನ್ನು ಕುರಿತು 1926ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಕ್ಷೆಗಳೂ ಅಳತೆಗಳೂ ಇವೆ. ಅವರ ಕೈಯಲ್ಲಿದ್ದುದು ಅಳತೆಯ ಪಟ್ಟಿ, ತೂಗುಗುಂಡು, ಸೀಸದ ಕಡ್ಡಿ. ಅಷ್ಟರಿಂದಲೇ ಅವರು ಮಾಡಿದ ಕೆಲಸಕ್ಕೆ ನಾವು ಇಂದಿಗೂ ಋಣಿಗಳು.

ಆದರೆ ಪಟ್ಟಿಯಿಂದ ಕಂಬದ ಸುತ್ತಳತೆಯನ್ನು ನಾಲ್ಕೈದು ಕಡೆ ಮಾತ್ರ ಹಿಡಿಯಬಹುದು. ನಮ್ಮ ಹುಡುಗ ತೆಗೆದ ಚಿತ್ರಗಳ ಗುಟ್ಟು ಇಲ್ಲಿದೆ. ಒಂದೊಂದು ಚಿತ್ರವೂ ಹಿಂದಿನ ಚಿತ್ರದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಒಳಗೊಂಡಿರುತ್ತದೆ. ಕಲ್ಲಿನ ಮೇಲಿನ ಒಂದು ಚುಕ್ಕೆ ಹಲವು ಚಿತ್ರಗಳಲ್ಲಿ ಬೇರೆ ಬೇರೆ ಕೋನದಿಂದ ಕಾಣುತ್ತದೆ. ಗಣಕಯಂತ್ರವು ಅಂತಹ ಸಾವಿರಾರು ಚುಕ್ಕೆಗಳನ್ನು ಗುರುತಿಸಿ, ಒಂದರೊಡನೊಂದನ್ನು ತಾಳೆ ಹಾಕಿ, ಪ್ರತಿಯೊಂದು ಚುಕ್ಕೆಯೂ ಎಷ್ಟು ಮುಂದೆ, ಎಷ್ಟು ಹಿಂದೆ ಇದೆಯೆಂದು ಲೆಕ್ಕ ಹಾಕುತ್ತದೆ. ನಮ್ಮ ಎರಡು ಕಣ್ಣುಗಳು ದೂರವನ್ನು ಅಂದಾಜಿಸುವ ರೀತಿಯೇ ಇದು. ಇಲ್ಲಿ ಕಣ್ಣುಗಳು ಎರಡಲ್ಲ, ಹತ್ತಾರು. ಕೊನೆಗೆ ಪರದೆಯ ಮೇಲೆ ಕಂಬದ ಪಡಿಯಚ್ಚೊಂದು ಮೂಡುತ್ತದೆ. ಅದನ್ನು ತಿರುಗಿಸಬಹುದು, ಅಡ್ಡಲಾಗಿ ಕೊಯ್ದು ನೋಡಬಹುದು. ನಿಜವಾದ ಕಲ್ಲಿಗೆ ಒಂದು ಗೀರೂ ಬೀಳದು.

ಇದರಿಂದ ತಿಳಿಯುವುದೇನು? ಪಡಿಯಚ್ಚನ್ನು ಬೆರಳಗಲಕ್ಕೊಂದರಂತೆ ಅಡ್ಡ ಕೊಯ್ದು ನೋಡಿದಾಗ, ಪ್ರತಿಯೊಂದು ಕೊಯ್ತವೂ ಎಷ್ಟರಮಟ್ಟಿಗೆ ನಿಜವಾದ ವೃತ್ತವೆಂದು ಅಳೆಯಬಹುದು. ಎಲ್ಲ ವೃತ್ತಗಳ ಕೇಂದ್ರಗಳೂ ಒಂದೇ ನೇರದಲ್ಲಿದ್ದರೆ ಕಲ್ಲು ಒಂದೇ ಅಕ್ಷದ ಮೇಲೆ ತಿರುಗಿತೆಂದು ಅರ್ಥ. ಎಲ್ಲಿ ಕೇಂದ್ರ ಸರಿದಿದೆಯೋ ಅಲ್ಲಿ ಕೆಲಸ ನಿಲ್ಲಿಸಿ ಮತ್ತೆ ಹೂಡಿರಬಹುದು, ಇಲ್ಲವೆ ಕೈಯಿಂದ ತಿದ್ದಿರಬಹುದು. ಎರಡು ಕಂಬಗಳ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಹೋಲಿಸಿದರೆ, ಒಂದೇ ಅಚ್ಚಿನ ಹಲಗೆ ಹಿಡಿದು ಕಡೆದರೋ, ಕಣ್ಣಳತೆಯಿಂದ ಕಡೆದರೋ ಎಂಬುದನ್ನು ವಿಚಾರಿಸಬಹುದು. ಜನಪದರು ಚೆಲುವಾದ ಪ್ರತಿಯೊಂದು ಗುಡಿಯನ್ನೂ ಜಕಣಾಚಾರಿಗೆ ಒಪ್ಪಿಸಿಬಿಟ್ಟಿದ್ದಾರೆ. ಅದು ಪ್ರೀತಿಯ ಮಾತು, ನಿಜ. ಆದರೆ ಆ ಒಂದು ಹೆಸರಿನ ನೆರಳಿನಲ್ಲಿ ಹೆಸರಿಲ್ಲದ ನೂರಾರು ಕೈಗಳು ಮರೆಯಾಗಿವೆ. ಅವರ ಹೆಸರನ್ನು ಗಣಕಯಂತ್ರ ಹೇಳಲಾರದು. ಅವರ ಕೈಯ ಪಳಗನ್ನು ಮಾತ್ರ ತೋರಿಸಬಲ್ಲುದು.

ಇನ್ನೊಂದು ವಿಧಾನವೂ ಉಂಟು. ಛಾಯಾಗ್ರಾಹಕವನ್ನು ಒಂದೆಡೆ ಅಲುಗದಂತೆ ನಿಲ್ಲಿಸಿ, ದೀಪವನ್ನು ಮಾತ್ರ ಸುತ್ತಲೂ ಸರಿಸುತ್ತ ಹಲವು ಚಿತ್ರಗಳನ್ನು ತೆಗೆಯುವುದು. ನೆರಳುಗಳು ಬದಲಾಗುವ ರೀತಿಯಿಂದ ಗಣಕಯಂತ್ರವು ಮೇಲ್ಮೈಯ ಸಣ್ಣ ಏರುತಗ್ಗುಗಳನ್ನು ಲೆಕ್ಕ ಹಾಕುತ್ತದೆ. 2001ರಲ್ಲಿ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು ಪ್ರಕಟಿಸಿದ ಈ ವಿಧಾನವು 2005ರಲ್ಲಿ ಗ್ರೀಸ್ ದೇಶದ ಆಂಟಿಕಿಥೆರಾ ಯಂತ್ರಕ್ಕೆ ಅನ್ವಯವಾಯಿತು. ಅದು ಕಡಲಿನಲ್ಲಿ ಮುಳುಗಿದ ಹಡಗಿನಿಂದ 1901ರಲ್ಲಿ ಮೇಲೆ ಬಂದ, ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಕಂಚಿನ ಯಂತ್ರ. ಉಳಿದುದು 82 ಚೂರುಗಳು. ಎಂಟು ಟನ್ ತೂಕದ ಕ್ಷಕಿರಣ ಯಂತ್ರವನ್ನು ಅಥೆನ್ಸ್ ನಗರದ ವಸ್ತುಸಂಗ್ರಹಾಲಯಕ್ಕೇ ಸಾಗಿಸಿ ನೋಡಿದಾಗ, ತುಕ್ಕಿನೊಳಗೆ ಹುದುಗಿದ್ದ ಹಲ್ಲುಚಕ್ರಗಳೂ ಅಕ್ಷರಗಳೂ ಬೆಳಕಿಗೆ ಬಂದವು. ಸೂರ್ಯ ಚಂದ್ರರ ಗತಿಯನ್ನೂ ಗ್ರಹಣಗಳನ್ನೂ ಮುಂಗಾಣುವ ಲೆಕ್ಕದ ಯಂತ್ರವದು. ಚೂರುಗಳನ್ನು ನೂರು ವರ್ಷ ಯಾರೂ ಎಸೆಯದೆ, ಬಣ್ಣ ಬಳಿಯದೆ ಕಾಪಾಡಿದುದರಿಂದಲೇ ಇದು ಸಾಧ್ಯವಾಯಿತೆಂಬುದನ್ನು ನಾವು ಮರೆಯಬಾರದು.

ಬ್ಯಾಡಗಿಯ ಪಾಠ

ಹಾವೇರಿಯಿಂದ ರಾಣೇಬೆನ್ನೂರಿಗೆ ರೈಲಿನಲ್ಲಿ ಹೋಗುವವರಿಗೆ ನಡುವೆ ಬ್ಯಾಡಗಿ ಸಿಗುತ್ತದೆ. ಅಲ್ಲಿಯ ಮೆಣಸಿನಕಾಯಿ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆಯಿತು. ಖಾರ ಕಡಿಮೆ, ಬಣ್ಣ ಹೆಚ್ಚು. ಬಣ್ಣಕ್ಕಾಗಿಯೇ ಅದಕ್ಕೆ ಬೆಲೆ. ಅನುಭವಸ್ಥ ವ್ಯಾಪಾರಿ ಒಂದು ಹಿಡಿ ಕಾಯಿ ಕೈಗೆತ್ತಿಕೊಂಡು, ಸುಕ್ಕನ್ನು ನೋಡಿ, ಬಣ್ಣ ಇಂತಹದೆಂದು ಹೇಳಿಬಿಡುತ್ತಾನೆ. ಅದೇ ಬಣ್ಣವನ್ನು ಪ್ರಯೋಗಾಲಯದಲ್ಲಿ ಬೆಳಕಿನ ಯಂತ್ರವು ಆಸ್ಟಾ ಎಂಬ ಮಾನದಲ್ಲಿ ಅಂಕಿಯಾಗಿ ಹೇಳುತ್ತದೆ.

ಮೆಣಸಿನಕಾಯಿಗೂ ಕಲ್ಲಿನ ಕಂಬಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಯಂತ್ರವು ವ್ಯಾಪಾರಿಯ ಕಣ್ಣನ್ನು ಸುಳ್ಳು ಮಾಡಲಿಲ್ಲ. ಆ ಕಣ್ಣು ಕಂಡುದನ್ನು ದೂರದೇಶದವನೂ ಒಪ್ಪುವಂತಹ ಅಂಕಿಯಾಗಿ ಮಾಡಿಕೊಟ್ಟಿತು. ಕಂಬದ ವಿಷಯವೂ ಹೀಗೆಯೇ. ನಮ್ಮ ಹಿರಿಯರು ಕಣ್ಣಿನಿಂದ ನೋಡಿ ‘ತಿರುಗಣಿ ಕಂಬ’ವೆಂದರು. ಅದು ಕೇವಲ ಹೆಗ್ಗಳಿಕೆಯ ಮಾತಲ್ಲವೆಂದು ಜಗತ್ತಿಗೆ ತೋರಿಸಲು ಅಳತೆ ಬೇಕು. ನಮ್ಮ ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತೆಂದು ಸಭೆಗಳಲ್ಲಿ ಕೂಗುವುದು ಸುಲಭ. ಅವರಿಗೆ ನಿಜವಾಗಿಯೂ ಏನು ತಿಳಿದಿತ್ತೆಂದು ಅಳೆದು ತೋರಿಸುವುದು ಕಷ್ಟ. ಗೌರವವಿರುವುದು ಎರಡನೆಯದರಲ್ಲಿ.

ಚೌಡದಾನಪುರದ ಕಲ್ಲುಗಳು

ರಾಣೇಬೆನ್ನೂರು ತಾಲ್ಲೂಕಿನ ಚೌಡದಾನಪುರ ನಮ್ಮ ಸಂಚಾರದ ಕೊನೆಯ ನೆಲೆ. ಅಂಬಿಗರ ಚೌಡಯ್ಯನವರ ಹೆಸರಿನೊಡನೆ ಬೆಸೆದುಕೊಂಡ ಈ ಊರಿನಲ್ಲಿ, ಹೊಳೆಯ ದಂಡೆಯ ಮುಕ್ತೇಶ್ವರನ ಸನ್ನಿಧಿಯಲ್ಲಿ ಎತ್ತರವಾದ ಶಾಸನಗಲ್ಲುಗಳು ನಿಂತಿವೆ. ಗುತ್ತವೊಳಲನ್ನು, ಅಂದರೆ ಇಂದಿನ ಗುತ್ತಲವನ್ನು ಆಳಿದ ಗುತ್ತ ಅರಸರ ವಿಷಯ ಅವುಗಳಲ್ಲಿದೆ. ನಮ್ಮ ಸಮಾಜದವರಿಗೆ ಇನ್ನೂ ಹತ್ತಿರವಾದ ವಿಷಯವೊಂದಿದೆ. ಶಿವದೇವರೆಂಬ ವೀರಶೈವ ಸತ್ಪುರುಷರು 1225ನೆಯ ಇಸವಿಯಲ್ಲಿ ಈ ಕ್ಷೇತ್ರವನ್ನು ಪ್ರವೇಶಿಸಿ, ಇಲ್ಲಿಯೇ ವೈರಾಗ್ಯದ ದೀರ್ಘ ಬಾಳನ್ನು ಬಾಳಿದ ಸಂಗತಿ ಈ ಶಾಸನಗಳಿಂದಲೇ ತಿಳಿದುಬರುತ್ತದೆ. ವಸುಂಧರಾ ಫಿಲಿಯೋಜಾ ಮತ್ತು ಪಿಯರ್ ಸಿಲ್ವಾಂ ಫಿಲಿಯೋಜಾ ದಂಪತಿಗಳು ಈ ದೇವಾಲಯವನ್ನು ಕುರಿತು ಬರೆದ ಗ್ರಂಥವನ್ನು ಇಂದಿರಾಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವು 1995ರಲ್ಲಿ ಹೊರತಂದಿತು.

ಶಾಸನಗಳು ಕಾಲವನ್ನು ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳಲ್ಲಿ ಹೇಳುತ್ತವೆ. ಅದೂ ಒಂದು ಪ್ರಾಚೀನ ತಂತ್ರವಿದ್ಯೆಯೇ. ಸೂರ್ಯ ಚಂದ್ರರ ಗಣಿತ. ಅದನ್ನು ಇಂದಿನ ತಾರೀಖಿಗೆ ಇಳಿಸಲು ವಿದ್ವಾಂಸರು ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರು 1922ರಲ್ಲಿ ಪ್ರಕಟಿಸಿದ ದಪ್ಪ ಪಂಚಾಂಗ ಸಂಪುಟಗಳನ್ನು ಮುಂದಿಟ್ಟುಕೊಂಡು ಕೂಡಿ ಕಳೆಯುತ್ತಿದ್ದರು. ಈಗ ಗಣಕಯಂತ್ರ ಆ ಲೆಕ್ಕವನ್ನು ಕ್ಷಣದಲ್ಲಿ ಮಾಡುತ್ತದೆ. ಅಕ್ಷರಗಳ ವಿಷಯದಲ್ಲಿಯೂ ಹಾಗೆಯೇ. ಹಿಂದೆ ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಕುಂಚದಿಂದ ತಟ್ಟಿ, ಮಸಿ ಲೇಪಿಸಿ ಪಡಿಯಚ್ಚು ತೆಗೆಯುತ್ತಿದ್ದರು. ಈಗ ಕಲ್ಲನ್ನು ಮುಟ್ಟದೆಯೇ ಬೆಳಕಿನಿಂದ ಅಕ್ಷರದ ಆಳವನ್ನು ಹಿಡಿಯಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಶಾಸನಗಳನ್ನು ಈ ರೀತಿ ಮೂರು ಆಯಾಮಗಳಲ್ಲಿ ಸೆರೆಹಿಡಿಯುವ ಕಾರ್ಯ ಕೈಕೊಂಡು, ಹಳೆಯ ಅಕ್ಷರಗಳ ರೂಪಗಳನ್ನು ‘ಅಕ್ಷರ ಭಂಡಾರ’ವೆಂಬ ಹೆಸರಿನಲ್ಲಿ ಕೂಡಿಸಿದ್ದಾರೆ.

ಆದರೆ ಯಂತ್ರ ಕೊಡುವುದು ಅಕ್ಷರದ ಆಕಾರವನ್ನು. ಅದನ್ನು ಓದಿ ಅರ್ಥ ಹೇಳಲು ಹಳಗನ್ನಡ ಬಲ್ಲವರು ಬೇಕು. ಹುಡುಗನು ಪರದೆಯ ಮೇಲೆ ಅಕ್ಷರವನ್ನು ದೊಡ್ಡದು ಮಾಡಿ ತೋರಿಸಿ, “ಇದೇನು?” ಎಂದು ನಮ್ಮನ್ನೇ ಕೇಳಿದನು. ನಮ್ಮಲ್ಲಿ ಯಾರಿಗೂ ಹೇಳಲಾಗಲಿಲ್ಲ. ಅಷ್ಟೊಂದು ಸ್ಪಷ್ಟವಾಗಿ ಕಂಡ ನಮ್ಮದೇ ಭಾಷೆಯ ಮುಂದೆ ನಾವು ಮೂಕರಾಗಿ ನಿಂತೆವು.

ಸ್ಥಾವರವೂ ಕಾಯಕವೂ

ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವ ನಮಗೆ ಕಲ್ಲಿನ ಗುಡಿಯ ಗೊಡವೆ ಏಕೆಂದು ಕೆಲವು ಬಂಧುಗಳು ಕೇಳಿಯಾರು. ಪ್ರಶ್ನೆ ಸಹಜವಾದುದೇ. ಶರಣರು ಸ್ಥಾವರಕ್ಕಿಂತ ಜಂಗಮವನ್ನು ಮೇಲೆಂದು ಸಾರಿದವರು. ಅವರು ಆಡಂಬರದ ಗುಡಿಯನ್ನು ಒಪ್ಪಲಿಲ್ಲ. ದುಡಿಯುವ ಕೈಯನ್ನು ಮಾತ್ರ ಎತ್ತಿ ಹಿಡಿದರು. ನುಲಿಯ ಚಂದಯ್ಯನವರ ಹಗ್ಗ, ಮೇದಾರ ಕೇತಯ್ಯನವರ ಬುಟ್ಟಿ, ಚೌಡಯ್ಯನವರ ಹುಟ್ಟುಗೋಲು ಇವು ನಮಗೆ ಪೂಜ್ಯವಾದುದು ಕಾಯಕದಿಂದ. ಶರಣರು ಕಾಯಕದ ಮಹಿಮೆಯನ್ನು ಸಾರಿದ 12ನೆಯ ಶತಮಾನದಲ್ಲಿಯೇ ಈ ಸೀಮೆಯಲ್ಲಿ ಹೆಸರಿಲ್ಲದ ಕಾಯಕಜೀವಿಗಳು ಕಲ್ಲನ್ನು ತಿರುಗಿಸಿ ಕಂಬ ಕಡೆಯುತ್ತಿದ್ದರು. ಕಟ್ಟಿಸಿದ ಅರಸನ ಹೆಸರು ಶಾಸನದಲ್ಲಿದೆ, ದಾನ ಕೊಟ್ಟವರ ಹೆಸರಿದೆ. ಹಗ್ಗ ಎಳೆದವನ ಶಾಸನವೆಂದರೆ ಕಂಬದ ಮೇಲಿನ ಆ ಸುತ್ತುಗೆರೆ ಒಂದೇ. ಅದು ಅಳಿಸಿದರೆ ಅವನು ಬಾಳಿದ್ದನೆಂಬುದಕ್ಕೆ ಬೇರೆ ಸಾಕ್ಷಿಯಿಲ್ಲ.

ನಮ್ಮದೇ ತಪ್ಪು

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳದೆ ಮುಂದುವರಿಯಲಾಗದು. ಹಲವು ವರ್ಷಗಳ ಹಿಂದೆ ನಮ್ಮ ಊರಿನ ಹಳೆಯ ಗುಡಿಯ ಜೀರ್ಣೋದ್ಧಾರದ ಕಾಲಕ್ಕೆ, ಮಸಿ ಹಿಡಿದ ಎರಡು ತಿರುಗಣಿ ಕಂಬಗಳನ್ನು ನಾವೇ ಮುಂದೆ ನಿಂತು ಉಜ್ಜಿಸಿ, ಹೊಳೆಯುವ ಎಣ್ಣೆಬಣ್ಣ ಬಳಿಸಿದೆವು. ಜಾತ್ರೆಗೆ ಬಂದವರೆಲ್ಲ ಹೊಗಳಿದರು, ನಾವೂ ಹಿಗ್ಗಿದೆವು. ಸಂಚಾರ ಮುಗಿಸಿ ಊರಿಗೆ ಮರಳಿದಾಗ, ಹುಡುಗನು ಆ ಕಂಬಗಳ ಸುತ್ತಲೂ ಅದೇ ರೀತಿ ಚಿತ್ರ ತೆಗೆದನು. ಹಾವೇರಿಯ ಕಂಬದಲ್ಲಿ ಗೆರೆಗೆರೆಯೂ ಎದ್ದು ಕಂಡಿದ್ದ ಪರದೆಯ ಮೇಲೆ ಇಲ್ಲಿ ಬರಿಯ ಉಬ್ಬುತಗ್ಗು. ಹೊಳಪು ಬಣ್ಣದ ಮೇಲೆ ಬೆಳಕು ಪ್ರತಿಫಲಿಸಿ ಗಣಕಯಂತ್ರಕ್ಕೆ ಚುಕ್ಕೆಗಳೇ ಸಿಗಲಿಲ್ಲ. ಸಿಕ್ಕಲ್ಲಿ ಕಂಡದ್ದು ಬಣ್ಣದ ಪದರ, ಕಲ್ಲಿನದಲ್ಲ. “ಅಜ್ಜಾ, ಇದರಲ್ಲಿ ಏನೂ ಉಳಿದಿಲ್ಲ” ಎಂದನು. ಎಂಟುನೂರು ವರ್ಷ ಮಳೆ, ಗಾಳಿ, ದೀಪದ ಹೊಗೆಗಳು ಮಾಡದ ಕೆಲಸವನ್ನು ನಾವು ಭಕ್ತಿಯಿಂದ ಎರಡೇ ದಿನದಲ್ಲಿ ಮಾಡಿ ಮುಗಿಸಿದ್ದೆವು.

ಆದುದರಿಂದ ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಊರಿನ ಗುಡಿಯಲ್ಲಾಗಲಿ, ಮಠದ ಅಂಗಳದಲ್ಲಾಗಲಿ ಹಳೆಯ ಕಂಬ, ಶಾಸನ, ವೀರಗಲ್ಲುಗಳಿದ್ದರೆ ಅವುಗಳಿಗೆ ಸುಣ್ಣ ಬಣ್ಣ ಬಳಿಯಬೇಡಿರಿ. ಎಣ್ಣೆ ಸುರಿಯಬೇಡಿರಿ. ಗಾಳಿಯ ಒತ್ತಡದಿಂದ ಮರಳನ್ನು ಚಿಮ್ಮಿಸಿ ತೊಳೆಯುವ ಯಂತ್ರಗಳನ್ನು ಗುಡಿಯ ಬಾಗಿಲಿಗೂ ತರಬೇಡಿರಿ. ಮೆತ್ತನೆಯ ಬಳಪದ ಕಲ್ಲಿಗೆ ಗಟ್ಟಿ ಮರಳು ಬಡಿದರೆ ಉಳಿಯ ಗುರುತು ಉಳಿಯದು. ಹಾವೇರಿ, ಚೌಡದಾನಪುರಗಳಂತಹ ಸಂರಕ್ಷಿತ ಸ್ಮಾರಕಗಳಲ್ಲಿ ಛಾಯಾಗ್ರಾಹಕಕ್ಕೆ ಮೂರುಕಾಲಿನ ಆಸರೆ ಹೂಡಿ ಕೆಲಸ ಮಾಡುವುದಾದರೆ ಪುರಾತತ್ವ ಇಲಾಖೆಯ ಅನುಮತಿ ಪಡೆಯಿರಿ. ಸಂರಕ್ಷಣೆಯಿಲ್ಲದ ಊರ ಗುಡಿಗಳಲ್ಲಿ ಮಕ್ಕಳ ಕೈಯ ದೂರವಾಣಿಯೇ ಸಾಕು. ಕಂಬದ ಪಕ್ಕದಲ್ಲಿ ಅಳತೆಯ ಪಟ್ಟಿಯನ್ನಿಟ್ಟು, ಮೋಡದ ದಿನದ ಸಮಬೆಳಕಿನಲ್ಲಿ ಸುತ್ತಲೂ ಚಿತ್ರ ತೆಗೆಯಲಿ. ಊರು, ದಿನಾಂಕಗಳನ್ನು ಬರೆದಿಡಲಿ.

ಚಿತ್ರ ತೆಗೆದ ಮಾತ್ರಕ್ಕೆ ಕಲ್ಲಿನ ಹೊಣೆ ತೀರಿತೆಂದು ಮಾತ್ರ ಯಾರೂ ಭಾವಿಸಬಾರದು. 1225ರ ಸಂಗತಿಯನ್ನು ಹೇಳುವ ಕಲ್ಲು ಇಂದಿಗೂ ಓದಲು ಸಿಗುತ್ತದೆ. 1990ರ ದಶಕದಲ್ಲಿ ನಾವು ಫ್ಲಾಪಿ ತಟ್ಟೆಗಳಲ್ಲಿ ತುಂಬಿಟ್ಟ ಬರಹಗಳನ್ನು ಓದಲು ಇಂದು ನಮ್ಮ ಮನೆಯಲ್ಲಿ ಯಂತ್ರವೇ ಇಲ್ಲ. ಗಣಕಯಂತ್ರ ಕಲ್ಲಿಗೆ ಕನ್ನಡಿ ಹಿಡಿಯಬಲ್ಲುದು, ಕಲ್ಲಾಗಲಾರದು. ಮೂಲ ಉಳಿದರೆ ನಾಳೆ ಇನ್ನೂ ಸೂಕ್ಷ್ಮವಾದ ಯಂತ್ರ ಬಂದು ಇನ್ನೂ ಹೆಚ್ಚಿನದನ್ನು ಹೇಳೀತು.

ನಮ್ಮ ಊರಿನ ಗುಡಿಯ ಹಿಂಬದಿಯಲ್ಲಿ ಬಣ್ಣದ ಕೈಗೆ ಸಿಗದ ಒಂದು ಮುರಿದ ಕಂಬದ ತುಂಡು ಮಣ್ಣಿನಲ್ಲಿ ಅರ್ಧ ಹೂತು ಬಿದ್ದಿತ್ತು. ಹುಡುಗನೂ ನಾವೂ ಸೇರಿ ಒಣ ಬಟ್ಟೆಯಿಂದ ಮೆಲ್ಲನೆ ಧೂಳು ಒರೆಸಿದೆವು. ಇಳಿಹೊತ್ತಿನ ಓರೆ ಬಿಸಿಲಿಗೆ ಅದರ ಮೈಮೇಲೆ ಗೆರೆಗಳು ಒಂದೊಂದಾಗಿ ಕಾಣಿಸಿಕೊಂಡವು. ಅದನ್ನು ಅಲ್ಲಿಯೇ, ಮಳೆಯ ನೀರು ನಿಲ್ಲದಂತೆ ಮಾಡಿ, ಹಾಗೆಯೇ ಇಟ್ಟಿದ್ದೇವೆ. ಬಣ್ಣ ಬಳಿಯುವ ಮಾತನ್ನು ಈ ಸಲ ಯಾರೂ ಎತ್ತಲಿಲ್ಲ.